ಕ್ವಾಂಟಂ ಹಾದಿಯಲ್ಲಿ ಗುಟ್ಟು ಎಷ್ಟು ಹಿಡಿಸುತ್ತದೆ?

ಕ್ವಾಂಟಂ ಸಂವಹನದ ಬಗ್ಗೆ ಬರುವ ಪತ್ರಗಳಲ್ಲಿ ಹೆಚ್ಚಿನವು “ಅದನ್ನು ಯಾರೂ ಕದ್ದು ಕೇಳಲಾರರಂತೆ, ನಿಜವೇ?” ಎಂದು ಕೇಳಿ ನಿಲ್ಲುತ್ತವೆ. ಕೆಲವು ಓದುಗರು ಅಲ್ಲಿಗೆ ಬಿಡದೆ ಲೆಕ್ಕ ಕೇಳಿದ್ದಾರೆ. ಗುಟ್ಟಾಗಿ ಸಾಗುವುದು ಸೆಕೆಂಡಿಗೆ ಎಷ್ಟು ಬಿಟ್? ಎಷ್ಟು ದೂರದವರೆಗೆ? ಅದಕ್ಕೊಂದು ಮೇಲ್ಮಿತಿ ಇದೆಯೇ? ನನಗೆ ಬಹಳ ಪ್ರಿಯವಾದ ಪ್ರಶ್ನೆಗಳಿವು. ಈ ಸಲ ಅಂಕಣವನ್ನು ಪೂರ್ತಿ ಆ ಓದುಗರಿಗೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ಫೋಟಾನಿನ ಧ್ರುವೀಕರಣ ಯಾವ ಕೋನದಲ್ಲಾದರೂ ಇರಬಹುದು ಎಂದು ತರಗತಿಯಲ್ಲಿ ಹೇಳಿದೆ. “ಹಾಗಾದರೆ ಸರ್, ಒಂದು ಇಡೀ ಪುಸ್ತಕವನ್ನು ಆ ಕೋನದ ದಶಮಾಂಶಗಳಲ್ಲಿ ಬರೆದು ಒಂದೇ ಫೋಟಾನಿನಲ್ಲಿ ಕಳಿಸಬಹುದಲ್ಲ?” ಎಂದು ಒಬ್ಬ ಹುಡುಗಿ ಕೇಳಿದಳು. ತಪ್ಪು ಎಲ್ಲಿದೆ ಎಂದು ನನಗೂ ಥಟ್ಟನೆ ಹೊಳೆಯಲಿಲ್ಲ.
— ಪಿಯು ಕಾಲೇಜಿನ ಭೌತಶಾಸ್ತ್ರ ಉಪನ್ಯಾಸಕರು, ತುಮಕೂರು

ಉತ್ತರ: ಬರೆಯುವ ಮಟ್ಟಿಗೆ ಆ ಹುಡುಗಿ ಹೇಳಿದ್ದು ಸರಿ. ತೊಡಕು ಇರುವುದು ಓದುವುದರಲ್ಲಿ. ಫೋಟಾನನ್ನು ಪಡೆದವರು ಅದರ ಕೋನ ಎಷ್ಟು ಎಂದು ನೇರವಾಗಿ ಕೇಳುವಂತಿಲ್ಲ. ಒಂದು ಫಿಲ್ಟರನ್ನು ಯಾವುದೋ ಕೋನಕ್ಕೆ ತಿರುಗಿಸಿಟ್ಟು “ದಾಟಿತೇ, ಇಲ್ಲವೇ?” ಎಂದಷ್ಟೇ ಕೇಳಬಹುದು. ಹೌದು ಅಥವಾ ಇಲ್ಲ ಎಂಬ ಉತ್ತರ ಬಂದ ಕ್ಷಣದಲ್ಲೇ ಮೂಲ ಕೋನ ಅಳಿಸಿಹೋಗಿರುತ್ತದೆ, ಎರಡನೇ ಸಲ ಕೇಳಲು ಏನೂ ಉಳಿದಿರುವುದಿಲ್ಲ. ಸೋವಿಯತ್ ಗಣಿತಜ್ಞ ಅಲೆಕ್ಸಾಂಡರ್ ಹೊಲೆವೊ 1973ರಲ್ಲಿ ಇದನ್ನು ಪ್ರಮೇಯವಾಗಿ ಸಾಧಿಸಿದರು. ಅಳೆದಾಗ ಎರಡೇ ಉತ್ತರ ಕೊಡುವ ಈ ಫೋಟಾನಿನಂಥ ಕ್ವಾಂಟಂ ವಸ್ತುವನ್ನು ಕ್ಯೂಬಿಟ್ ಎನ್ನುತ್ತಾರೆ. ಎಷ್ಟೇ ಜಾಣತನದಿಂದ ಅಳೆದರೂ ನೂರು ಕ್ಯೂಬಿಟ್‌ಗಳಿಂದ ನೂರು ಬಿಟ್‌ಗಿಂತ ಹೆಚ್ಚು ಮಾಹಿತಿ ಹೊರಬರುವುದಿಲ್ಲ. ಕಳಿಸುವವರು ಮತ್ತು ಪಡೆಯುವವರು ಮೊದಲೇ ಹೆಣೆದುಕೊಂಡ ಕಣಗಳ ಜೋಡಿಯನ್ನು ಹಂಚಿಕೊಂಡಿದ್ದರೆ ಒಂದಕ್ಕೆ ಎರಡು ಬಿಟ್ ಸಿಗುತ್ತದೆ. ಅದು ಬೇರೆಯದೇ ಅಧ್ಯಾಯ.

ವಿದ್ಯಾರ್ಥಿನಿಗೆ ಇನ್ನೊಂದು ಮಾತನ್ನೂ ಹೇಳಿ. ಪಡೆಯುವವರ ಕೈ ಕಟ್ಟುವ ಈ ನಿಯಮ ಕಳ್ಳರ ಕೈಯನ್ನೂ ಕಟ್ಟುತ್ತದೆ. ಕೋನವನ್ನು ಪೂರ್ತಿ ಓದಲು ಬಂದಿದ್ದರೆ ದಾರಿಯಲ್ಲಿ ಓದಿ, ಅಂಥದೇ ಇನ್ನೊಂದು ಫೋಟಾನನ್ನು ಮಾಡಿ ಮುಂದೆ ಕಳಿಸಬಹುದಿತ್ತು. ಗುರುತಿಲ್ಲದ ಕ್ವಾಂಟಂ ಸ್ಥಿತಿಯನ್ನು ನಕಲು ಮಾಡಲಾಗದು ಎಂದು 1982ರಲ್ಲಿ ವುಟರ್ಸ್ ಮತ್ತು ಝುರೆಕ್ ತೋರಿಸಿದರು. ಅದೇ ವರ್ಷ ಡೀಕ್ಸ್ ಕೂಡ ಪ್ರತ್ಯೇಕವಾಗಿ ಅದನ್ನೇ ಸಾಧಿಸಿದರು. ಹೆಚ್ಚು ತುಂಬಲು ಬಿಡದ ಗುಣವೂ ಗುಟ್ಟನ್ನು ಕಾಯುವ ಗುಣವೂ ಒಂದೇ ಬೇರಿನಿಂದ ಬಂದವು.

ಕಿಂಚಿತ್ತೂ ದೋಷವಿಲ್ಲದ ಹಾದಿಯಲ್ಲಿ ಒಂದು ಫೋಟಾನಿಗೆ ಒಂದು ಬಿಟ್ ಸಾಗುತ್ತದೆ, ಆ ಬಿಟ್ ಗುಟ್ಟಾಗಿಯೂ ಇರುತ್ತದೆ. ನಿಜವಾದ ಹಾದಿಗಳಲ್ಲಿ ನಷ್ಟವಿದೆ, ಗದ್ದಲವಿದೆ. ಅಲ್ಲಿ ಸಾಮಾನ್ಯ ಸಾಮರ್ಥ್ಯ (ಒಟ್ಟು ಎಷ್ಟು ಬಿಟ್ ಸಾಗುತ್ತದೆ) ಬೇರೆ, ಗೌಪ್ಯ ಸಾಮರ್ಥ್ಯ (ಗುಟ್ಟಾಗಿ ಎಷ್ಟು ಸಾಗುತ್ತದೆ) ಬೇರೆ.

ಪ್ರಶ್ನೆ: ನಾನು ದೂರವಾಣಿ ಇಲಾಖೆಯಲ್ಲಿ ಕೇಬಲ್ ವಿಭಾಗದಲ್ಲಿದ್ದವನು. ಫೈಬರನ್ನು ತುಸು ಬಾಗಿಸಿದರೆ ಬೆಳಕು ಸೋರುತ್ತದೆ, ಸೋರಿದ್ದನ್ನು ಹಿಡಿಯಬಹುದು ಎಂದು ಕಣ್ಣಾರೆ ಕಂಡಿದ್ದೇನೆ. ಸೋರಿದ್ದರಲ್ಲಿ ಎಷ್ಟು ಕಳ್ಳನಿಗೆ ಸಿಕ್ಕಿತು, ಎಷ್ಟು ಸುಮ್ಮನೆ ವ್ಯರ್ಥವಾಯಿತು ಎಂದು ಯಾರು ಹೇಳುತ್ತಾರೆ? ಅದು ತಿಳಿಯದೆ “ಇಷ್ಟು ಬಿಟ್ ಗುಟ್ಟು” ಎಂದು ಹೇಗೆ ಹೇಳುತ್ತೀರಿ?
— ನಿವೃತ್ತ ಎಂಜಿನಿಯರ್, ಹುಬ್ಬಳ್ಳಿ

ಉತ್ತರ: ಇಡೀ ವಿಷಯದ ತಿರುಳನ್ನೇ ಕೇಳಿದ್ದೀರಿ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸಾಮಾನ್ಯ ತಂತಿಯ ಗೌಪ್ಯ ಸಾಮರ್ಥ್ಯದ ಲೆಕ್ಕವನ್ನು 1975ರಲ್ಲಿ ಬೆಲ್ ಲ್ಯಾಬ್ಸ್‌ನ ಆರನ್ ವೈನರ್ ಮಂಡಿಸಿದರು. 1978ರಲ್ಲಿ ಚಿಸಾರ್ ಮತ್ತು ಕೋರ್ನರ್ ಅದನ್ನು ಇನ್ನಷ್ಟು ವಿಸ್ತರಿಸಿದರು. ಸಾರ ಸರಳವಾದದ್ದು: ಪಡೆಯುವವರಿಗೆ ತಲುಪುವ ಮಾಹಿತಿಯಿಂದ ಕದ್ದು ಕೇಳುವವರಿಗೆ ತಲುಪುವ ಮಾಹಿತಿಯನ್ನು ಕಳೆಯಬೇಕು. ಉಳಿದಷ್ಟನ್ನೂ, ತಕ್ಕ ಸಂಕೇತ ಬಳಸಿದರೆ, ಗುಟ್ಟಾಗಿ ಸಾಗಿಸಬಹುದು. ಆದರೆ ಕಳೆಯಲು ಎರಡನೇ ಅಂಕಿ ಗೊತ್ತಿರಬೇಕಲ್ಲ? ಕಳ್ಳನ ಉಪಕರಣ ನಮ್ಮದಕ್ಕಿಂತ ಕೆಳದರ್ಜೆಯದು ಎಂದು ಊಹಿಸಿಕೊಳ್ಳದೆ ಬೇರೆ ದಾರಿ ಇರಲಿಲ್ಲ. ಸಾಮಾನ್ಯ ಸಿಗ್ನಲ್ಲಿನ ಪ್ರತಿ ಮಿಡಿತದಲ್ಲೂ ಅಪಾರ ಸಂಖ್ಯೆಯ ಫೋಟಾನುಗಳಿರುತ್ತವೆ. ಅದರಲ್ಲಿ ನೂರಕ್ಕೆ ಒಂದು ಪಾಲು ಸೋರಿದರೂ ಸೂಕ್ಷ್ಮ ಉಪಕರಣ ಉಳ್ಳವನಿಗೆ ಸಂದೇಶ ಪೂರ್ತಿ ಸಿಕ್ಕೀತು. ನೀವು ಕಣ್ಣಾರೆ ಕಂಡದ್ದು ಇದನ್ನೇ.

ಕ್ವಾಂಟಂ ಹಾದಿಯಲ್ಲಿ ಆ ಊಹೆ ಬೇಕಿಲ್ಲ. ಪಡೆಯುವವರ ಕಡೆಗೆ ಏನು ಬಂತು ಎಂಬುದನ್ನು ಸರಿಯಾಗಿ ಅಳೆದರೆ, ಹೊರಗಿನ ಜಗತ್ತಿಗೆ ಅತಿ ಹೆಚ್ಚೆಂದರೆ ಎಷ್ಟು ಹೋಗಿರಬಹುದು ಎಂಬುದು ಗಣಿತದಿಂದಲೇ ಸಿಗುತ್ತದೆ. ಕ್ವಾಂಟಂ ಮಾಹಿತಿ ಎಲ್ಲೂ ಮಾಯವಾಗುವುದಿಲ್ಲ. ಒಳಗೆ ಉಳಿಯದಿದ್ದದ್ದು ಹೊರಗೆ ಇದ್ದೇ ಇರುತ್ತದೆ. ಹಾಗೆ ಹೊರಬಿದ್ದ ಅಷ್ಟನ್ನೂ ಕದ್ದು ಕೇಳುವವಳಿಗೆ ಸಿಕ್ಕಿತು ಎಂದೇ ಹಿಡಿಯುತ್ತಾರೆ (ಪುಸ್ತಕಗಳಲ್ಲಿ ಅವಳ ಹೆಸರು ಈವ್, ಕಳಿಸುವವಳು ಆಲಿಸ್, ಪಡೆಯುವವನು ಬಾಬ್). ಚೀಲದಲ್ಲಿ ಅಕ್ಕಿ ಕಡಿಮೆ ಬಂದಾಗ ಇಲಿ ತಿಂದಿತೋ, ತೂತಿನಿಂದ ಸೋರಿತೋ ಎಂದು ವಿಚಾರಿಸದೆ ಕೊರತೆಯಷ್ಟನ್ನೂ ಕಳ್ಳನ ಲೆಕ್ಕಕ್ಕೆ ಬರೆಯುವ ದಿನಸಿ ಅಂಗಡಿಯವನ ಹಾಗೆ. ಕಠಿಣ ಲೆಕ್ಕ ನಿಜ, ಆದರೆ ಇದರಲ್ಲಿ ಪಾಸಾದ ಗುಟ್ಟಿನ ಬಗ್ಗೆ ಮತ್ತೆ ಅನುಮಾನ ಪಡಬೇಕಿಲ್ಲ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಕಳಿಸಿದ ನೂರು ಫೋಟಾನುಗಳಲ್ಲಿ ಮೂವತ್ತು ದಾರಿಯಲ್ಲೇ ಕಳೆದುಹೋಗುತ್ತವೆ, ಎಪ್ಪತ್ತು ಏನೂ ಕೆಡದೆ ತಲುಪುತ್ತವೆ ಎನ್ನಿ. ಸಾಮಾನ್ಯ ಸಂದೇಶ ಕಳಿಸುವುದಾದರೆ ಸಾಮರ್ಥ್ಯ ಎಪ್ಪತ್ತು ಬಿಟ್. ಗುಟ್ಟಿನ ಸಂದೇಶವಾದರೆ ಕಳೆದುಹೋದ ಮೂವತ್ತನ್ನು ಇನ್ನೊಮ್ಮೆ ಕಳೆಯಬೇಕು, ಅವು ಈವ್‌ಳ ಕೈಯಲ್ಲಿವೆ. ಉಳಿಯುವುದು ನಲವತ್ತು. ನಷ್ಟ ಐವತ್ತಕ್ಕೆ ಏರಿದರೆ ಗೌಪ್ಯ ಸಾಮರ್ಥ್ಯ ಸೊನ್ನೆಗೆ ಇಳಿಯುತ್ತದೆ. ಬಾಬ್‌ಗೂ ಈವ್‌ಗೂ ಆಗ ಸಮಪಾಲು, ಅವನು ಬಿಡಿಸಬಲ್ಲ ಯಾವುದೇ ಸಂಕೇತವನ್ನು ಅವಳೂ ಬಿಡಿಸಬಲ್ಲಳು.

ಇಲ್ಲೊಂದು ಸೊಗಸಾದ ತಿರುವಿದೆ. ಆಲಿಸ್ ಸಂದೇಶವನ್ನೇ ಕಳಿಸುವ ಬದಲು ಮನಬಂದ, ಅರ್ಥವಿಲ್ಲದ ಬಿಟ್‌ಗಳನ್ನು ಕಳಿಸಲಿ. ಬಾಬ್ ಸಾಮಾನ್ಯ ಫೋನಿನಲ್ಲಿ, ಎಲ್ಲರಿಗೂ ಕೇಳುವಂತೆಯೇ, “ನನಗೆ ಮೂರನೆಯದು, ಏಳನೆಯದು, ಎಂಟನೆಯದು ಬಂದಿವೆ” ಎಂದು ಹೇಳಲಿ. ಬಂದವು ಯಾವುವು ಎಂದು ಹೇಳಬೇಕು, ಅವುಗಳ ಬೆಲೆ ಏನೆಂದು ಹೇಳಬಾರದು. ಬಾಬ್‌ಗೆ ತಲುಪಿದ ಫೋಟಾನು ಈವ್‌ಳ ಬಳಿ ಇರಲು ಸಾಧ್ಯವಿಲ್ಲ. ಹೀಗಾಗಿ ಐವತ್ತು ಕಳೆದುಹೋದರೂ ತಲುಪಿದ ಐವತ್ತೂ, ಮುಂದೆ ಸಂದೇಶಗಳಿಗೆ ಬೀಗ ಹಾಕಲು ಬಳಸುವ, ಅವರಿಬ್ಬರ ಗುಟ್ಟಿನ ಕೀಲಿಯಾಗುತ್ತವೆ. ಸೊನ್ನೆಯಿಂದ ಐವತ್ತಕ್ಕೆ! ಕ್ವಾಂಟಂ ಜಾಲಗಳು ಸಂದೇಶ ಸಾಗಿಸದೆ ಕೀಲಿಯನ್ನಷ್ಟೇ ಹಂಚುವುದರ ಹಿಂದೆ ಈ ಲೆಕ್ಕವಿದೆ. ಅರ್ಥವಿಲ್ಲದ ಬಿಟ್ ಕಳೆದುಹೋದರೆ ಯಾರಿಗೂ ನಷ್ಟವಿಲ್ಲ.

ಪ್ರಶ್ನೆ: ಬೆಳಗಾವಿಯಿಂದ ಬೆಂಗಳೂರಿಗೆ ಒಂದೇ ಫೈಬರ್ ಎಳೆದು ಕ್ವಾಂಟಂ ಕೀಲಿ ಕಳಿಸಿದರೆ ಸೆಕೆಂಡಿಗೆ ಎಷ್ಟು ಬಿಟ್ ಸಿಕ್ಕೀತು? ನಡುವೆ ಆಂಪ್ಲಿಫೈಯರ್ ಹಾಕಿ ಬಲ ಕೊಡಬಹುದಲ್ಲವೇ?
— ಬಿ.ಇ. ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿ, ಬೆಳಗಾವಿ

ಉತ್ತರ: ಆಂಪ್ಲಿಫೈಯರ್ ನಡೆಯುವುದಿಲ್ಲ. ಅದು ಮಾಡುವುದು ಒಂದು ರೀತಿಯ ನಕಲನ್ನೇ, ನಕಲಿಗೆ ನಿಷೇಧವಿದೆ. ಬಲ ಕೊಡಲು ಹೋದರೆ ಗದ್ದಲ ಸೇರುತ್ತದೆ, ಆ ಗದ್ದಲ ಈವ್‌ಳ ಲೆಕ್ಕಕ್ಕೆ ಹೋಗುತ್ತದೆ.

ಮೊದಲ ಪ್ರಶ್ನೆಗೆ ಖಚಿತವಾದ ಮೇಲ್ಮಿತಿ ಇದೆ. 2017ರಲ್ಲಿ ಪಿರಾಂಡೊಲಾ, ಲೌರೆಂಝಾ, ಒಟ್ಟಾವಿಯಾನಿ, ಬಾಂಕಿ ಎಂಬ ನಾಲ್ವರು ಅದನ್ನು ಸಾಧಿಸಿದರು. ಅವರ ಹೆಸರುಗಳ ಮೊದಲಕ್ಷರ ಸೇರಿಸಿ ಈಗ ಎಲ್ಲರೂ ಅದನ್ನು ‘ಪ್ಲಾಬ್ ಮಿತಿ’ ಎನ್ನುತ್ತಾರೆ. ಬೆಳಕು ಸೋರುವುದಷ್ಟೇ ತೊಂದರೆಯಾಗಿರುವ ಹಾದಿಯಲ್ಲಿ, ಫೋನಿನಲ್ಲಿ ಎಷ್ಟು ಬೇಕಾದರೂ ಮಾತಾಡಿಕೊಳ್ಳಲು ಬಿಟ್ಟರೂ, ನಷ್ಟ ಹೆಚ್ಚಿರುವಾಗ ಒಂದು ಮಿಡಿತಕ್ಕೆ ಸಿಗುವ ಗುಟ್ಟಿನ ಬಿಟ್ ತಲುಪುವ ಬೆಳಕಿನ ಪಾಲಿನ 1.44 ಪಟ್ಟನ್ನು ಮೀರಲಾರದು. ಉಪಕರಣ ಎಷ್ಟೇ ಚೆನ್ನಾಗಿದ್ದರೂ ಅಷ್ಟೇ.

ಒಳ್ಳೆಯ ಫೈಬರಿನಲ್ಲಿ ಕಿಲೋಮೀಟರಿಗೆ 0.2 ಡೆಸಿಬೆಲ್ ನಷ್ಟ. ಅಂದರೆ ಪ್ರತಿ 50 ಕಿ.ಮೀ.ಗೆ ಬೆಳಕು ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಸೆಕೆಂಡಿಗೆ ನೂರು ಕೋಟಿ ಮಿಡಿತ ಹೊಮ್ಮಿಸುವ ಲೇಸರ್ ನಿಮ್ಮ ಬಳಿ ಇದೆ ಎಂದುಕೊಳ್ಳೋಣ. ಬೆಂಗಳೂರಿನಿಂದ ಮೈಸೂರಿಗೆ ಫೈಬರಿನ ಉದ್ದ 150 ಕಿ.ಮೀ. ಎಂದು ಹಿಡಿದರೆ ಸಾವಿರದಲ್ಲಿ ಒಂದು ಪಾಲು ಬೆಳಕು ತಲುಪುತ್ತದೆ. ಮೇಲ್ಮಿತಿ ಸೆಕೆಂಡಿಗೆ ಸುಮಾರು 14 ಲಕ್ಷ ಬಿಟ್. ಕೀಲಿಯ ಮಟ್ಟಿಗೆ ಧಾರಾಳವಾಯಿತು. ಬೆಳಗಾವಿಗೆ 500 ಕಿ.ಮೀ. ಎಂದು ಹಿಡಿಯಿರಿ. ಸಾವಿರ ಕೋಟಿಯಲ್ಲಿ ಒಂದು ಪಾಲು ತಲುಪುತ್ತದೆ. ಮೇಲ್ಮಿತಿ ಏಳು ಸೆಕೆಂಡಿಗೆ ಒಂದು ಬಿಟ್! ಇನ್ನೂ ಮುಂದೆ ಹೋಗಿ 1,000 ಕಿ.ಮೀ. ಎಂದರೆ ಒಂದೇ ಒಂದು ಬಿಟ್‌ಗೆ ಸುಮಾರು 2,200 ವರ್ಷ ಕಾಯಬೇಕು. ಈ ಕುಸಿತವನ್ನು ನೀವೇ ಕಾಗದದ ಮೇಲೆ ಹಾಕಿ ನೋಡಿ. ಯಾವ ಉಪನ್ಯಾಸಕ್ಕಿಂತಲೂ ಚೆನ್ನಾಗಿ ಮನಸ್ಸಿಗೆ ಇಳಿಯುತ್ತದೆ.

ಗೋಡೆ ಇದೆ, ಬಾಗಿಲೂ ಇದೆ. ಮಿತಿ ಅನ್ವಯಿಸುವುದು ನಡುವೆ ಏನೂ ಇಲ್ಲದ ನೇರ ಹಾದಿಗೆ ಮಾತ್ರ. 2018ರಲ್ಲಿ ಲೂಕಾಮರೀನಿ, ಯುವಾನ್, ಡೈನ್ಸ್, ಶೀಲ್ಡ್ಸ್ ‘ಟ್ವಿನ್ ಫೀಲ್ಡ್’ ಎಂಬ ವಿಧಾನ ಸೂಚಿಸಿದರು. ಇಬ್ಬರೂ ತಮ್ಮ ಮಂದ ಬೆಳಕನ್ನು ನಡುದಾರಿಯ ಒಂದು ನಿಲ್ದಾಣಕ್ಕೆ ಕಳಿಸುತ್ತಾರೆ, ಅಲ್ಲಿ ಎರಡೂ ಬೆರೆತು ಡಿಟೆಕ್ಟರ್ ಒಂದು ಸಲ ಮಿಡಿದರೆ ಸಾಕು. ಆ ನಿಲ್ದಾಣವನ್ನು ಈವ್ ತಾನೇ ನಡೆಸುತ್ತಿದ್ದರೂ ಗುಟ್ಟಿಗೆ ಧಕ್ಕೆಯಿಲ್ಲ. ಫೋಟಾನು ಅರ್ಧ ದಾರಿ ದಾಟಿದರೆ ಸಾಕಾಗುವುದರಿಂದ 1,000 ಕಿ.ಮೀ.ನ ದರ 500 ಕಿ.ಮೀ.ನ ದರದ ಮಟ್ಟಕ್ಕೆ ಬರುತ್ತದೆ. ಎರಡು ಸಾವಿರ ವರ್ಷದ ಕಾಯುವಿಕೆ, ಮಿತಿಯ ಲೆಕ್ಕದಲ್ಲಿ, ಏಳು ಸೆಕೆಂಡಾಗುತ್ತದೆ. ಚೀನಾದ ತಂಡವೊಂದು 2023ರಲ್ಲಿ 1,002 ಕಿ.ಮೀ. ಫೈಬರಿನಲ್ಲಿ ಇದನ್ನು ಮಾಡಿ ತೋರಿಸಿತು. ಬೀಜಿಂಗ್–ಶಾಂಘೈ ನಡುವಿನ 2,000 ಕಿ.ಮೀ. ಜಾಲ ಹಿಡಿದದ್ದು ಬೇರೆ ದಾರಿ. ಅಲ್ಲಿ 32 ನಿಲ್ದಾಣಗಳಿವೆ, ಪ್ರತಿಯೊಂದರಲ್ಲೂ ಕೀಲಿ ಒಮ್ಮೆ ಬಯಲಾಗಿ ಮತ್ತೆ ಹೊರಡುತ್ತದೆ. ಅಂಥ ಕಡೆ ಭೌತಶಾಸ್ತ್ರ ಕಾಯುವುದು ಎರಡು ನಿಲ್ದಾಣಗಳ ನಡುವಿನ ತಂತಿಯನ್ನು ಮಾತ್ರ. ನಿಲ್ದಾಣವನ್ನು ಕಾಯುವ ಕೆಲಸ ಕಾವಲುಗಾರನದೇ.

ಪ್ರಶ್ನೆ: ಕ್ವಾಂಟಂ ಕೀಲಿ ಹಂಚುವ ಬಿಬಿ84 ವಿಧಾನದಲ್ಲಿ ದೋಷ ಶೇ 11 ದಾಟಿದರೆ ಕೀಲಿಯನ್ನು ಬಿಸಾಡಬೇಕು ಎಂದು ಓದಿದೆ. 11 ಎಲ್ಲಿಂದ ಬಂತು?
— ಸಂಶೋಧನಾ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಅದೇ ಕಳೆಯುವ ಲೆಕ್ಕದಿಂದ. ಈವ್ ಪ್ರತಿ ಫೋಟಾನನ್ನೂ ಹಿಡಿದು, ಅಂದಾಜಿನ ಮೇಲೆ ಅಳೆದು, ಹೊಸದೊಂದನ್ನು ಮುಂದೆ ಕಳಿಸಿದರೆ ಬಾಬ್‌ನ ಬಿಟ್‌ಗಳಲ್ಲಿ ಶೇ 25 ತಪ್ಪಾಗುತ್ತವೆ. ಅವಳು ಅಷ್ಟು ಒರಟಾಗಿ ಕೈ ಹಾಕಬೇಕಿಲ್ಲ, ನವಿರಾದ ಉಪಾಯಗಳಿಂದ ಕಡಿಮೆ ದೋಷಕ್ಕೆ ಹೆಚ್ಚು ತಿಳಿದುಕೊಳ್ಳಬಹುದು. ಶೋರ್ ಮತ್ತು ಪ್ರೆಸ್ಕಿಲ್ 2000ದಲ್ಲಿ ಕೊಟ್ಟ ಲೆಕ್ಕದಲ್ಲಿ ಒಂದು ಬಿಟ್‌ನಿಂದ ಎರಡು ಸಲ ಕಡಿತವಾಗುತ್ತದೆ. ಬಾಬ್‌ನ ತಪ್ಪುಗಳನ್ನು ತಿದ್ದಲು ಒಂದು ಪಾಲು, ಈವ್ ತಿಳಿದಿರಬಹುದಾದದ್ದನ್ನು ಹಿಂಡಿ ತೆಗೆಯಲು ಅಷ್ಟೇ ದೊಡ್ಡ ಇನ್ನೊಂದು ಪಾಲು. ದೋಷ ಶೇ 2 ಇದ್ದರೆ ಕಳಿಸಿದ ಮತ್ತು ಅಳೆದ ಕೋನಗಳು ಹೊಂದಿದವನ್ನಷ್ಟೇ ಜರಡಿ ಹಿಡಿದು ಉಳಿಸಿಕೊಂಡ ಪ್ರತಿ ನೂರು ಬಿಟ್‌ಗೆ ಸುಮಾರು 72 ಗುಟ್ಟಾಗಿ ಉಳಿಯುತ್ತವೆ. ಶೇ 5ಕ್ಕೆ ಸುಮಾರು 43. ಶೇ 11ರ ಹೊತ್ತಿಗೆ ಎರಡು ಕಡಿತಗಳೂ ಅರ್ಧರ್ಧವಾಗಿ ಏನೂ ಉಳಿಯುವುದಿಲ್ಲ.

ಆದರೂ 11 ಕೊನೆಯ ಗೆರೆಯಲ್ಲ. 2005ರಲ್ಲಿ ಕ್ರೌಸ್, ಜಿಸಾನ್, ರೆನ್ನರ್ ಒಂದು ವಿಚಿತ್ರ ಸಂಗತಿ ತೋರಿಸಿದರು. ಆಲಿಸ್ ತನ್ನ ಬಿಟ್‌ಗಳಲ್ಲಿ ಕೆಲವನ್ನು ಬೇಕೆಂದೇ ತಿರುವುಮುರುವು ಮಾಡಿದರೆ ಮಿತಿ ಶೇ 12.4ಕ್ಕೆ ಏರುತ್ತದೆ. ಸೇರಿಸಿದ ಗದ್ದಲದಿಂದ ಬಾಬ್‌ಗೂ ನಷ್ಟವಿದೆ, ಈವ್‌ಗೆ ಅದಕ್ಕಿಂತ ಹೆಚ್ಚು ನಷ್ಟವಿದೆ. ನಮಗೆ ಬೇಕಿರುವುದು ಅವರಿಬ್ಬರ ನಡುವಿನ ಅಂತರವಾದ್ದರಿಂದ ಕೆಡಿಸುವುದೂ ಲಾಭವೇ. ನೀವು ಸಂಶೋಧನೆಗೆ ಇಳಿಯುತ್ತಿರುವುದರಿಂದ ಈ ಲೆಕ್ಕವನ್ನು ಪೂರ್ತಿ ಮಾಡಿ ನೋಡಿ ಎಂದು ಒತ್ತಾಯಿಸುತ್ತೇನೆ.

ಪ್ರಶ್ನೆ: ಕ್ವಾಂಟಂ ಕೀಲಿ ಹಂಚುವ ಈ ವಿದ್ಯೆ ಹುಟ್ಟಿದ್ದು ಬೆಂಗಳೂರಿನಲ್ಲಿ ಎಂದು ಯಾರೋ ಭಾಷಣದಲ್ಲಿ ಹೇಳಿದರು. ಮಕ್ಕಳಿಗೆ ಹೇಳಬಹುದೇ?
— ಪ್ರೌಢಶಾಲಾ ಶಿಕ್ಷಕಿ, ಚಿಕ್ಕಮಗಳೂರು

ಉತ್ತರ: ಹುಟ್ಟಿದ್ದು ಎನ್ನಬೇಡಿ, ಮೊದಲು ಪೂರ್ಣರೂಪದಲ್ಲಿ ಪ್ರಕಟವಾದದ್ದು ಎನ್ನಿ. ಅಮೆರಿಕದ ಚಾರ್ಲ್ಸ್ ಬೆನೆಟ್ ಮತ್ತು ಕೆನಡಾದ ಜೀಲ್ ಬ್ರಾಸಾರ್ ತಮ್ಮ ವಿಧಾನವನ್ನು ಮಂಡಿಸಿದ್ದು 1984ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ನಡೆದ ಐಇಇಇ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ. ಬಿಬಿ84 ಎಂಬ ಹೆಸರಿನಲ್ಲಿರುವುದು ಅವರ ಹೆಸರಿನ ಅಕ್ಷರಗಳು ಮತ್ತು ಆ ವರ್ಷ. ಇಂದು ಜಗತ್ತಿನಲ್ಲಿ ಈ ವಿಷಯದ ಯಾವ ಪ್ರಬಂಧ ತೆರೆದರೂ ಉಲ್ಲೇಖಗಳ ಪಟ್ಟಿಯಲ್ಲಿ ‘ಬೆಂಗಳೂರು, ಭಾರತ’ ಎಂದು ಕಾಣುವುದು ಆ ಐದು ಪುಟಗಳಿಂದಾಗಿ. ಅವರ ಆಲೋಚನೆಗೆ ಬೀಜ ಒದಗಿಸಿದ್ದು ಸ್ಟೀಫನ್ ವೀಸ್ನರ್ 1970ರ ಆಸುಪಾಸಿನಲ್ಲಿ ಬರೆದ ಒಂದು ಲೇಖನ. ಅದು ಅಚ್ಚಾದದ್ದು 1983ರಲ್ಲಿ.

ನಮ್ಮಲ್ಲಿ ಕೆಲಸ ಈಗ ಚುರುಕಾಗಿದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು 2021ರಲ್ಲಿ ತಮ್ಮ ಎರಡು ಕಟ್ಟಡಗಳ ನಡುವೆ ಗಾಳಿಯಲ್ಲೇ ಕೀಲಿ ಹಂಚಿದರು. ಡಿಆರ್‌ಡಿಒ ಮತ್ತು ದೆಹಲಿ ಐಐಟಿ 2022ರಲ್ಲಿ ಪ್ರಯಾಗರಾಜ್–ವಿಂಧ್ಯಾಚಲ ನಡುವಿನ ನೂರಕ್ಕೂ ಹೆಚ್ಚು ಕಿ.ಮೀ. ಫೈಬರಿನಲ್ಲಿ ಅದನ್ನು ಮಾಡಿದವು. 2023ರ ಏಪ್ರಿಲಿನಲ್ಲಿ ಒಪ್ಪಿಗೆ ಪಡೆದ, 6,003.65 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಂ ಮಿಷನ್ನಿನ ಗುರಿಗಳಲ್ಲಿ 2,000 ಕಿ.ಮೀ. ದೂರದ ಸುರಕ್ಷಿತ ಸಂವಹನವೂ ಸೇರಿದೆ.

ಪ್ರಶ್ನೆ: ನಮ್ಮ ಬ್ಯಾಂಕಿಗೆ ಕ್ವಾಂಟಂ ಕೀಲಿ ಯಂತ್ರ ಮಾರಲು ಒಬ್ಬರು ಬಂದಿದ್ದರು. “ಇದಕ್ಕೆ ಗಣಿತದ ಗ್ಯಾರಂಟಿ ಇದೆ” ಎಂದರು. ಸೆಕೆಂಡಿಗೆ ಕೆಲವೇ ಸಾವಿರ ಬಿಟ್ ಕೊಡುತ್ತದಂತೆ. ಅಷ್ಟರಲ್ಲಿ ನಮ್ಮ ವ್ಯವಹಾರವೆಲ್ಲ ಸಾಗೀತೇ? ಗ್ಯಾರಂಟಿಯನ್ನು ನಂಬಬಹುದೇ?
— ಹೆಸರು ಬೇಡ, ದಾವಣಗೆರೆ

ಉತ್ತರ: ವ್ಯವಹಾರ ಸಾಗುವುದು ಮಾಮೂಲಿ ಇಂಟರ್ನೆಟ್ಟಿನಲ್ಲೇ, ಕ್ವಾಂಟಂ ಹಾದಿಯಲ್ಲಿ ಬರುವುದು ಕೀಲಿ ಮಾತ್ರ. ಅದು ಸಾಲುವುದೋ ಇಲ್ಲವೋ ಎಂಬುದು ಕೀಲಿಯನ್ನು ಹೇಗೆ ಖರ್ಚು ಮಾಡುತ್ತೀರಿ ಎಂಬುದರ ಮೇಲಿದೆ. ಕ್ಲಾಡ್ ಶ್ಯಾನನ್ 1949ರಲ್ಲೇ ತೋರಿಸಿದಂತೆ, ಎಂದೆಂದಿಗೂ ಭೇದಿಸಲಾಗದ ಗುಟ್ಟು ಬೇಕಾದರೆ ಸಂದೇಶದಷ್ಟೇ ಉದ್ದದ ಕೀಲಿ ಬೇಕು, ಒಮ್ಮೆ ಬಳಸಿದ್ದನ್ನು ಮತ್ತೆ ಬಳಸಬಾರದು. ಸೆಕೆಂಡಿಗೆ ಸಾವಿರ ಬಿಟ್ ಕೀಲಿಯಿಂದ ಹೀಗೆ ಕಾಯಬಹುದಾದದ್ದು ಸಾವಿರ ಬಿಟ್ ಸಂದೇಶ, ಹೆಚ್ಚೇನಿಲ್ಲ. ಎಇಎಸ್‌ನಂಥ ಸಾಮಾನ್ಯ ಗೂಢಲಿಪಿಗೆ ಆ ಕೀಲಿಯನ್ನು ಉಣಿಸಿದರೆ ಅಷ್ಟೇ ಕೀಲಿ ಬಹಳ ದೂರ ಬರುತ್ತದೆ. 2017ರ ಸೆಪ್ಟೆಂಬರಿನಲ್ಲಿ ಬೀಜಿಂಗ್ ಮತ್ತು ವಿಯೆನ್ನಾ ನಡುವೆ ಚೀನಾದ ಮೀಸಿಯಸ್ ಉಪಗ್ರಹದ ಕೀಲಿಯಿಂದ ವಿಡಿಯೊ ಸಭೆ ನಡೆದಾಗ ಪ್ರತಿ ಸೆಕೆಂಡಿಗೂ 128 ಬಿಟ್‌ನ ಹೊಸ ಕೀಲಿ ಬಳಸಿದರು. 75 ನಿಮಿಷಗಳ, ಸುಮಾರು 2 ಗಿಗಾಬೈಟ್ ಮಾತುಕತೆಗೆ ಖರ್ಚಾದ ಕೀಲಿ ಸುಮಾರು 70 ಕಿಲೋಬೈಟ್. ಆದರೆ ಆಗ ನಿಮ್ಮ ಭದ್ರತೆ ಎಇಎಸ್‌ನ ಗಟ್ಟಿತನಕ್ಕೆ ಇಳಿಯುತ್ತದೆ. ಕ್ವಾಂಟಂ ಪ್ರಮೇಯ ಕೀಲಿಗೆ ಮಾತ್ರ, ಆ ಕೀಲಿಯಿಂದ ನಡೆಸುವ ವ್ಯವಹಾರಕ್ಕಲ್ಲ.

ಇನ್ನು ಗ್ಯಾರಂಟಿಯ ಮಾತು. ಪ್ರಮೇಯ ನಿಜ. ಅದು ಹೇಳುವುದು ಪ್ರಮೇಯದೊಳಗಿನ ಆಲಿಸ್ ಮತ್ತು ಬಾಬ್ ಬಗ್ಗೆ, ಪೆಟ್ಟಿಗೆಯೊಳಗಿನ ಸರ್ಕ್ಯೂಟಿನ ಬಗ್ಗೆ ಅಲ್ಲ. ಬೆನೆಟ್ ಮತ್ತು ಸಂಗಡಿಗರು 1989ರಲ್ಲಿ ಮೇಜಿನ ಮೇಲೆ ಸುಮಾರು 30 ಸೆಂಟಿಮೀಟರ್ ದೂರಕ್ಕೆ ಮೊದಲ ಪ್ರಯೋಗ ನಡೆಸಿದಾಗ, ಧ್ರುವೀಕರಣ ಬದಲಿಸುವ ಭಾಗಕ್ಕೆ ವಿದ್ಯುತ್ ಒದಗಿಸುವ ಉಪಕರಣ ಒಂದೊಂದು ಬಗೆಯ ಬಿಟ್‌ಗೆ ಒಂದೊಂದು ಸದ್ದು ಮಾಡುತ್ತಿತ್ತು. ಫೋಟಾನನ್ನು ಮುಟ್ಟದೆ, ಕಿವಿಗೊಟ್ಟು ಕೀಲಿ ಕದಿಯಬಹುದಿತ್ತು. 2010ರಲ್ಲಿ ವಾದಿಮ್ ಮಕರೋವ್ ಅವರಿದ್ದ ತಂಡ, ಮಾರುಕಟ್ಟೆಯಲ್ಲಿದ್ದ ಯಂತ್ರಗಳ ಡಿಟೆಕ್ಟರಿಗೆ ಪ್ರಖರ ಬೆಳಕು ಹಾಯಿಸಿ ಕುರುಡಾಗಿಸಿ, ಸುಳಿವೇ ಇಲ್ಲದೆ ಪೂರ್ತಿ ಕೀಲಿ ಪಡೆಯಬಹುದೆಂದು ತೋರಿಸಿತು. ಎರಡು ವರ್ಷಗಳಲ್ಲಿ ಲೋ, ಕರ್ಟಿ, ಚೀ ಎಂಬವರು ಡಿಟೆಕ್ಟರನ್ನೇ ನಂಬಬೇಕಿಲ್ಲದ ವಿಧಾನ ಕಟ್ಟಿದರು. ಹೀಗೆ ಬಿರುಕು ಕಾಣುವುದು, ಮುಚ್ಚುವುದು ನಡೆದೇ ಇದೆ.

ನಿಮ್ಮ ಬ್ಯಾಂಕಿಗೆ ನನ್ನ ಸಲಹೆ: ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2024ರ ಆಗಸ್ಟಿನಲ್ಲಿ ಹೊರತಂದ, ಕ್ವಾಂಟಂ ಕಂಪ್ಯೂಟರಿಗೂ ಜಗ್ಗದಂತೆ ರೂಪಿಸಿದ ಹೊಸ ಗೂಢಲಿಪಿಗಳಿಗೆ ಮೊದಲು ಬದಲಾಗಿ. ಅದಕ್ಕೆ ಹೊಸ ಫೈಬರ್ ಬೇಡ, ಸಾಫ್ಟ್‌ವೇರ್ ಸಾಕು. ಅಮೆರಿಕ ಮತ್ತು ಬ್ರಿಟನ್ನಿನ ಸೈಬರ್ ಭದ್ರತಾ ಸಂಸ್ಥೆಗಳೂ ಈ ದಾರಿಯನ್ನೇ ಹೇಳುತ್ತವೆ. ದಶಕಗಳ ಕಾಲ ಗುಟ್ಟಾಗಿರಲೇಬೇಕಾದ ದಾಖಲೆ ನಿಮ್ಮಲ್ಲಿದ್ದು, ಎರಡು ಕಚೇರಿಗಳ ನಡುವೆ ಐವತ್ತೋ ನೂರೋ ಕಿಲೋಮೀಟರ್ ಇದ್ದರೆ, ಅದರ ಜೊತೆಗೆ ಕ್ವಾಂಟಂ ಕೀಲಿಯನ್ನೂ ಇಟ್ಟುಕೊಳ್ಳಿ. ಒಂದಕ್ಕೆ ಬದಲಾಗಿ ಇನ್ನೊಂದು ಬೇಡ. ಮಾರಲು ಬಂದವರನ್ನು, “ಡಿಟೆಕ್ಟರ್ ದಾಳಿಗೆ ನಿಮ್ಮ ಯಂತ್ರದ ಪರೀಕ್ಷೆಯನ್ನು ಹೊರಗಿನವರು ಯಾರು ಮಾಡಿದ್ದಾರೆ?” ಎಂದು ಕೇಳಿ.

ಪ್ರಶ್ನೆ: ಕ್ವಾಂಟಂ ಗೌಪ್ಯ ಸಾಮರ್ಥ್ಯದ ಸೂತ್ರದಲ್ಲಿ ಹಾದಿಯ ಬಳಕೆಗಳ ಸಂಖ್ಯೆಯನ್ನು ಅನಂತಕ್ಕೆ ಒಯ್ಯಬೇಕು ಎಂದಿದೆ. ಶ್ಯಾನನ್‌ರ ಸೂತ್ರದಲ್ಲಿ ಅಂಥದ್ದೇನೂ ಇಲ್ಲ. ಇದು ಬರೀ ಔಪಚಾರಿಕತೆಯೇ? ಇಲ್ಲಿ ನಾನು ಕೈ ಹಾಕಬಹುದಾದ ಸಮಸ್ಯೆ ಇದೆಯೇ?
— ಎಂ.ಎಸ್ಸಿ. ಗಣಿತ, ಮಾನಸಗಂಗೋತ್ರಿ, ಮೈಸೂರು

ಉತ್ತರ: ಔಪಚಾರಿಕತೆ ಅಲ್ಲವೇ ಅಲ್ಲ. ಸೂತ್ರವನ್ನು 2004ರಲ್ಲಿ ಕೈ, ವಿಂಟರ್, ಯೂಂಗ್ ಮತ್ತು 2005ರಲ್ಲಿ ಇಗೋರ್ ಡೆವೆಟಾಕ್ ಪ್ರಕಟಿಸಿದರು. ಬಾಬ್‌ಗೆ ಸಿಕ್ಕಿದ್ದರಿಂದ ಈವ್‌ಗೆ ಸಿಕ್ಕಿದ್ದನ್ನು ಕಳೆಯುವ ಅದೇ ವೈನರ್ ಲೆಕ್ಕ. ಆದರೆ ಸಾಮಾನ್ಯ ತಂತಿಯಲ್ಲಿ ಒಂದು ಬಳಕೆಗೆ ಲೆಕ್ಕ ಹಾಕಿದರೆ ಸಾವಿರ ಬಳಕೆಗೆ ಸಾವಿರ ಪಟ್ಟು ಎಂದು ಧೈರ್ಯವಾಗಿ ಹೇಳಬಹುದು. ಕ್ವಾಂಟಂ ಹಾದಿಯಲ್ಲಿ ಆಲಿಸ್ ಒಂದಾದ ಮೇಲೊಂದು ಕಳಿಸುವ ಕಣಗಳನ್ನು ಒಂದಕ್ಕೊಂದು ಹೆಣೆದು ಕಳಿಸಬಲ್ಲಳು. ಆಗ ಎರಡು ಬಳಕೆ ಸೇರಿದಾಗ ಒಂದರ ಎರಡು ಪಟ್ಟಿಗಿಂತ ಹೆಚ್ಚು ಗುಟ್ಟು ಸಾಗಬಹುದು. 2008ರಲ್ಲಿ ಸ್ಮಿತ್, ರೆನೆಸ್, ಸ್ಮೋಲಿನ್ ಇದಕ್ಕೆ ಉದಾಹರಣೆ ಕೊಟ್ಟರು. 2015ರಲ್ಲಿ ಎಲ್ಕೂಸ್ ಮತ್ತು ಸ್ಟ್ರೆಲ್ಚುಕ್, ಎಷ್ಟೇ ಬಳಕೆಗಳನ್ನು ಒಟ್ಟಿಗೆ ತೆಗೆದುಕೊಂಡರೂ ಈ ಹೆಚ್ಚಳ ನಿಲ್ಲದ ಹಾದಿಗಳಿವೆ ಎಂದು ಸಾಧಿಸಿದರು.

ಈ ಕ್ಷೇತ್ರದಲ್ಲಿ ನನ್ನನ್ನು ಅತಿ ಹೆಚ್ಚು ಬೆರಗುಗೊಳಿಸಿದ ಫಲಿತಾಂಶ ಹೇಳಿಬಿಡುತ್ತೇನೆ. 2005ರಲ್ಲಿ ಪೋಲೆಂಡಿನ ಹೊರೊಡೆಟ್ಸ್ಕಿ ಕುಟುಂಬದ ವಿಜ್ಞಾನಿಗಳು ಒಪನ್‌ಹೈಮ್ ಜೊತೆ ಸೇರಿ, ಒಂದು ಕ್ಯೂಬಿಟ್ಟನ್ನೂ ಸರಿಯಾಗಿ ದಾಟಿಸಲಾರದ, ಆದರೂ ಗುಟ್ಟಿನ ಬಿಟ್ಟನ್ನು ದಾಟಿಸಬಲ್ಲ ಹಾದಿಗಳಿವೆ ಎಂದು ತೋರಿಸುವ ದಾರಿ ತೆರೆದರು. ಗುಟ್ಟು ಕಾಯಲು ಕ್ವಾಂಟಂ ಸ್ಥಿತಿಯನ್ನು ಪೂರ್ತಿ ಕಾಯಬೇಕಿಲ್ಲ ಎಂದಾಯಿತು. 2008ರಲ್ಲಿ ಗ್ರೇಮ್ ಸ್ಮಿತ್ ಮತ್ತು ಜಾನ್ ಯಾರ್ಡ್ ಅಂಥ ಒಂದು ಹಾದಿಯನ್ನೂ, ಅರ್ಧದಷ್ಟು ಕಣ ಕಳೆದುಕೊಳ್ಳುವ ಇನ್ನೊಂದು ಹಾದಿಯನ್ನೂ ಅಕ್ಕಪಕ್ಕ ಇಟ್ಟರು. ಎರಡರದೂ ಕ್ವಾಂಟಂ ಸಾಮರ್ಥ್ಯ, ಅಂದರೆ ಕ್ಯೂಬಿಟ್ ದಾಟಿಸುವ ಸಾಮರ್ಥ್ಯ, ಸೊನ್ನೆ. ಒಟ್ಟಿಗೆ ಬಳಸಿದಾಗ ಕ್ಯೂಬಿಟ್‌ಗಳು ದಾಟಿದವು! ಎಷ್ಟು ದಾಟುತ್ತವೆ ಎಂದರೆ, ಮೊದಲ ಹಾದಿಯ ಗೌಪ್ಯ ಸಾಮರ್ಥ್ಯದ ಅರ್ಧಕ್ಕಂತೂ ಕಡಿಮೆಯಿಲ್ಲ. ಸೊನ್ನೆಗೆ ಸೊನ್ನೆ ಸೇರಿದರೆ ಸೊನ್ನೆ ಎಂಬ ನಂಬಿಕೆ ಇಲ್ಲಿ ಕೆಲಸ ಮಾಡುವುದಿಲ್ಲ. ಹಾಗಿದ್ದ ಮೇಲೆ ಒಂದು ಹಾದಿಗೆ ಇಷ್ಟು ಸಾಮರ್ಥ್ಯ ಎಂದು ಹಣೆಪಟ್ಟಿ ಹಚ್ಚುವುದಕ್ಕೇ ಪೂರ್ತಿ ಅರ್ಥ ಉಳಿಯುವುದಿಲ್ಲ, ಪಕ್ಕದಲ್ಲಿ ಯಾವ ಹಾದಿ ಇದೆ ಎಂದೂ ನೋಡಬೇಕು.

ಇನ್ನು ನಿಮ್ಮ ಸಮಸ್ಯೆ. ಈವ್‌ಗೆ ಸಿಗುವುದೆಲ್ಲ ಬಾಬ್‌ಗೆ ಸಿಕ್ಕಿದ್ದರಿಂದಲೇ ತಯಾರಿಸಬಹುದಾದಂಥ ಹಾದಿಗಳಲ್ಲಿ ಈ ತೊಡಕಿಲ್ಲ, ಒಂದೇ ಬಳಕೆಯ ಲೆಕ್ಕ ಸಾಕು. ಅಲ್ಲಿಂದ ಆರಂಭಿಸಿ, ಕೈ ಪಳಗುತ್ತದೆ. ಆಮೇಲೆ ಪುಸ್ತಕಗಳಲ್ಲೆಲ್ಲ ಮೊದಲ ಉದಾಹರಣೆಯಾಗಿ ಬರುವ ಡಿಪೋಲರೈಸಿಂಗ್ ಹಾದಿಗೆ ಬನ್ನಿ. ಒಂದು ಕ್ಯೂಬಿಟ್ ಹೋಗುತ್ತದೆ, ಮೂರು ಬಗೆಯ ತಪ್ಪುಗಳಲ್ಲಿ ಯಾವುದಾದರೂ ಸಮಾನ ಸಂಭವದಿಂದ ಆಗಬಹುದು. ಇರುವುದು ಒಟ್ಟು ತಪ್ಪಿನ ಸಂಭವ ಎಂಬ ಒಂದೇ ಅಂಕಿ. ಅದು ಶೇ 25 ಮುಟ್ಟಿದರೆ ಆಲಿಸ್‌ಳಿಂದ ಬಾಬ್‌ಗೆ ಏಕಮುಖವಾಗಿ ಕ್ಯೂಬಿಟ್ಟೂ ಸಾಗದು, ಗುಟ್ಟೂ ಸಾಗದು, ಇದಕ್ಕೆ ಸಾಧನೆ ಇದೆ. ಸರಳ ಲೆಕ್ಕ ಸುಮಾರು ಶೇ 18.9ರವರೆಗೆ ಕ್ಯೂಬಿಟ್‌ಗಳನ್ನು ದಾಟಿಸುತ್ತದೆ. 1990ರ ದಶಕದಲ್ಲಿ ಡಿವಿನ್ಚೆಂಝೊ, ಶೋರ್, ಸ್ಮೋಲಿನ್ ಅದನ್ನು ಶೇ 19ರ ತುಸು ಆಚೆಗೆ ತಳ್ಳಿದರು. ಬೇಕೆಂದೇ ಗದ್ದಲ ಸೇರಿಸುವ, ಕಲಬುರಗಿಯ ಓದುಗರಿಗೆ ಹೇಳಿದ ಉಪಾಯ ಬಳಸಿದರೆ ಗುಟ್ಟಿನ ಬಿಟ್‌ಗಳು ಸುಮಾರು ಶೇ 21ರವರೆಗೆ ಸಾಗುತ್ತವೆ. 21 ಮತ್ತು 25ರ ನಡುವೆ ಏನಿದೆ ಎಂಬುದು ನಿಮಗೆ ಬಿಟ್ಟದ್ದು. ಮೊದಲು ಒಂದು ಬಳಕೆಗೆ, ಆಮೇಲೆ ಎರಡು, ಮೂರು ಬಳಕೆಗಳಿಗೆ ಲೆಕ್ಕ ಹಾಕಿ. ಮೂರಕ್ಕಿಂತ ಮುಂದೆ ಕಂಪ್ಯೂಟರ್ ಬೇಕಾಗುತ್ತದೆ. ಲೆಕ್ಕ ಎಲ್ಲಿ ನಿಂತಿತು ಎಂದು ಬರೆದು ತಿಳಿಸಿ, ಮುಂದಿನ ಹೆಜ್ಜೆಯನ್ನು ಆಗ ಮಾತಾಡೋಣ.